ಗಿಡದ ಬಣ್ಣಕ್ಕೆ ಋತುವೂ ಬೇಕು, ತಕ್ಕಡಿಯೂ ಬೇಕು

ಮಾನ್ಯ ಸಂಪಾದಕರೇ,

ಪುರವಣಿಗಳಲ್ಲೂ ಮೊಬೈಲ್ ವಿಡಿಯೋಗಳಲ್ಲೂ ಈಚೆಗೆ ‘ಮನೆಯಲ್ಲೇ ನೈಸರ್ಗಿಕ ಬಣ್ಣ’ದ ಪಾಠಗಳು ಹೆಚ್ಚಿವೆ. ಬೀಟ್‌ರೂಟ್ ಬೇಯಿಸಿ, ದಾಸವಾಳ ಕಿವುಚಿ, ಶಂಖಪುಷ್ಪ ನೆನೆಸಿ, ಕೊನೆಗೆ ಒಂದು ಹಿಡಿ ಉಪ್ಪನ್ನೋ ಎರಡು ಚಮಚ ವಿನೆಗರನ್ನೋ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂಬುದು ಅವುಗಳ ಸಾರ. ನಿಲ್ಲುವುದಿಲ್ಲ. ಬೀಟ್‌ರೂಟಿನ ಕೆಂಪು ನೂಲಿಗೆ ಅಂಟುವ ಜಾತಿಯದಲ್ಲ. ಬಿಸಿಗೂ ಬೆಳಕಿಗೂ ಒಡೆದುಹೋಗುತ್ತದೆ. ದಾಸವಾಳ, ಶಂಖಪುಷ್ಪಗಳ ಬಣ್ಣ ನಿಂಬೆಹುಳಿ ಸೋಕಿದರೆ ಒಂದು, ಸೋಪು ಸೋಕಿದರೆ ಇನ್ನೊಂದು, ಕೊನೆಗೆ ಯಾವುದೂ ಇಲ್ಲ. ಅಡುಗೆ ಉಪ್ಪು, ವಿನೆಗರ್ ಇವೆರಡೂ ಹತ್ತಿಗೆ ಬಣ್ಣ ಕಚ್ಚಿಸುವ ವಸ್ತುಗಳೇ ಅಲ್ಲ. ಹೀಗೆ ಮಾಡಿದ ಬಟ್ಟೆ ಎರಡನೆಯ ಒಗೆತಕ್ಕೆ ಕೊಳೆ ನೀರಿನ ಬಣ್ಣಕ್ಕೆ ತಿರುಗಿದಾಗ, ಮಾಡಿದವರು ಗಿಡದ ಬಣ್ಣವೇ ಸುಳ್ಳು ಎಂದುಕೊಂಡು ಕೈಬಿಡುತ್ತಾರೆ. ನಮ್ಮ ತಕರಾರು ಇರುವುದು ಇಲ್ಲಿ.

ನಿಲ್ಲುವ ಬಣ್ಣ ಕೊಡುವ ಗಿಡಮರ ಕರ್ನಾಟಕದಲ್ಲಿ ಬೇಕಾದಷ್ಟಿವೆ. ಆದರೆ ಅವು ಎರಡು ದಿನದ ಕಾರ್ಯಾಗಾರದ ದಿನಾಂಕ ನೋಡಿಕೊಂಡು ಹೂ ಬಿಡುವುದಿಲ್ಲ. ಮುತ್ತುಗ ಶಿವರಾತ್ರಿಯ ಆಸುಪಾಸು, ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಕೊಯ್ಲಿನಲ್ಲಿ, ತೇಗದ ಚಿಗುರು ಮೊದಲ ಮಳೆಗೆ. ಆದ್ದರಿಂದ ಕಲಿಯುವವರಿಗೆ ನಮ್ಮ ಸಲಹೆ ಒಂದೇ: ಒಂದು ದಿನದಲ್ಲಿ ಹತ್ತು ಕರವಸ್ತ್ರ ಅದ್ದುವ ಬದಲು, ಒಂದು ವರ್ಷದಲ್ಲಿ ಒಂದು ಕೌದಿ ಮಾಡಿ. ಆರು ಋತುವಿಗೆ ಆರು ತುಂಡು ಬಟ್ಟೆ, ಆಯಾ ಋತುವಿನ ಗಿಡದ ಬಣ್ಣ, ಕೊನೆಗೆ ಕೈಹೊಲಿಗೆ. ಕೌದಿ ಹೊದೆಯುವ, ಒಗೆಯುವ, ಬಿಸಿಲಿಗೆ ಹಾಕುವ ವಸ್ತು. ಗೋಡೆಗೆ ತೂಗುಹಾಕಿದ ಚಿತ್ರದಂತೆ ಕಳ್ಳಬಣ್ಣವನ್ನು ಅಡಗಿಸಿಡಲು ಅದರಲ್ಲಿ ಜಾಗವಿಲ್ಲ.

ಮೊದಲು ಬಟ್ಟೆ. 48 ಇಂಚು ಅಗಲದ ಕೋರಾ ಹತ್ತಿ ಬಟ್ಟೆ, ಋತುವಿಗೆ 1 ಮೀಟರಿನಂತೆ 6 ಮೀಟರ್. ಮಧ್ಯಮ ದಪ್ಪದ್ದಾದರೆ ಮೀಟರಿಗೆ ಸುಮಾರು 150 ಗ್ರಾಂ ತೂಗುತ್ತದೆ. ಮುಂದಿನ ಅಳತೆಗಳೆಲ್ಲ ಈ 150 ಗ್ರಾಮಿನ ಲೆಕ್ಕದಲ್ಲಿವೆ. ನಿಮ್ಮ ಬಟ್ಟೆಯ ತೂಕ ಬೇರೆಯಾದರೆ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಬೇಕು. ಬಣ್ಣದ ಕೆಲಸದಲ್ಲಿ ಎಲ್ಲ ಲೆಕ್ಕವೂ ಒಣ ಬಟ್ಟೆಯ ತೂಕದ ಮೇಲೆ, ನೀರಿನ ಮೇಲಲ್ಲ. ‘ಒಂದು ಬಕೆಟ್ ನೀರಿಗೆ ಎರಡು ಚಮಚ ಪಟಿಕ’ ಎಂದು ಬರೆದಿರುವ ವಿಧಾನವನ್ನು ಅಲ್ಲಿಗೇ ಮಡಚಿಡಬಹುದು. ಗ್ರಾಂ ತೋರಿಸುವ ಅಡುಗೆಮನೆ ತಕ್ಕಡಿ ಇದ್ದರೆ ಸಾಕು. ಪಾತ್ರೆ ಮಾತ್ರ ಸ್ಟೀಲಿನದೇ ಆಗಬೇಕು: ಕಬ್ಬಿಣದ ಬಾಣಲೆ ಬಣ್ಣವನ್ನು ಕಪ್ಪಿಗೆ ಎಳೆಯುತ್ತದೆ, ತಾಮ್ರ ಹಸಿರು ಛಾಯೆಗೆ ಎಳೆಯುತ್ತದೆ. ಒಮ್ಮೆ ಬಣ್ಣಕ್ಕೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಕೂಡದು.

ಕೋರಾ ಬಟ್ಟೆಯಲ್ಲಿ ನೇಯುವಾಗ ಹಾಕಿದ ಗಂಜಿ ಇರುತ್ತದೆ, ಹತ್ತಿಯದೇ ಮೇಣ ಇರುತ್ತದೆ. ಅವೆರಡೂ ಹೋಗದೆ ಬಣ್ಣ ಒಳಗೆ ಇಳಿಯುವುದಿಲ್ಲ. ಹಿಂದಿನ ರಾತ್ರಿ ತಣ್ಣೀರಿನಲ್ಲಿ ನೆನೆಹಾಕಿ ಹಿಂಡಿ, ಮರುದಿನ 4 ಲೀಟರ್ ನೀರಿಗೆ 6 ಗ್ರಾಂ ವಾಷಿಂಗ್ ಸೋಡಾ, ಸ್ವಲ್ಪ ಅಂಟುವಾಳದ ನೀರು ಸೇರಿಸಿ ಒಂದು ಗಂಟೆ ಕುದಿಸಬೇಕು. ನೀರು ಚಹಾದಂತೆ ಕಂದಾಗುತ್ತದೆ. ಚೆಲ್ಲಿ, ಹೊಸ ನೀರಿನಲ್ಲಿ ಮತ್ತೊಮ್ಮೆ. ಆಯಿತೋ ಇಲ್ಲವೋ ತಿಳಿಯಲು ಬಟ್ಟೆ ಒಣಗಿದ ಮೇಲೆ ಒಂದು ಹನಿ ನೀರು ಬಿಡಿ: ತಕ್ಷಣ ಹೀರಿಕೊಂಡರೆ ಸರಿ, ಮುತ್ತಿನಂತೆ ನಿಂತರೆ ಇನ್ನೊಮ್ಮೆ ಕುದಿಸಿ. ತೇಪೆತೇಪೆಯಾಗಿ ಬಣ್ಣ ಹಿಡಿದ ಬಟ್ಟೆಗಳಲ್ಲಿ ಹೆಚ್ಚಿನವು ಕೆಡುವುದು ಈ ಹಂತದಲ್ಲೇ. ದೂರು ಮಾತ್ರ ಬಡಪಾಯಿ ಹೂವಿನ ಮೇಲೆ. ಕುದಿಸಿದಾಗ ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಆದ್ದರಿಂದ ಅಳೆದು ಕತ್ತರಿಸುವುದು ಆಮೇಲೆ.

ಇನ್ನು ಅಳಲೆಕಾಯಿ. ಇಡೀ ಕೆಲಸದ ಅಡಿಪಾಯ ಇದೇ, ಪುರವಣಿಗಳು ಹಾರಿಸಿಬಿಡುವುದೂ ಇದನ್ನೇ. ರೇಷ್ಮೆ, ಉಣ್ಣೆ ಪಟಿಕವನ್ನು ತಾವಾಗಿಯೇ ಹಿಡಿದುಕೊಳ್ಳುತ್ತವೆ. ಹತ್ತಿ ಹಾಗಲ್ಲ, ಪಟಿಕದ ನೀರಿನಲ್ಲಿ ಎಷ್ಟು ಹೊತ್ತು ಅದ್ದಿಟ್ಟರೂ ಜಾಲಾಡಿದಾಗ ಬಹುಪಾಲು ತೊಳೆದುಹೋಗುತ್ತದೆ. ಅಳಲೆಯ ಒಗರು ಹತ್ತಿಯನ್ನು ಹಿಡಿಯುತ್ತದೆ, ಪಟಿಕ ಆ ಒಗರನ್ನು ಹಿಡಿಯುತ್ತದೆ, ಬಣ್ಣ ಪಟಿಕವನ್ನು ಹಿಡಿಯುತ್ತದೆ. ಈ ಸರಪಳಿಯಲ್ಲಿ ಒಂದು ಕೊಂಡಿ ತಪ್ಪಿದರೂ ಉಳಿದ ಶ್ರಮ ನೀರುಪಾಲು.

ಅಳಲೆ ಬಲಿತು ಉದುರುವುದು ಚಳಿಗಾಲದ ಕೊನೆಯಲ್ಲಿ. ಮರದಡಿ ಬಿದ್ದದ್ದನ್ನು ಆಯ್ದು, ಒಣಗಿಸಿ, ಬೀಜ ಒಡೆದು ತೆಗೆದು ಸಿಪ್ಪೆಯನ್ನಷ್ಟೇ ಕುಟ್ಟಿ ಜರಡಿ ಹಿಡಿಯಬೇಕು. ಗ್ರಂಥಿಗೆ ಅಂಗಡಿಯ ಪುಡಿಯಲ್ಲಿ ಬೀಜವೂ ಸೇರಿರುತ್ತದೆ, ಕಸುವು ಕಡಿಮೆ. 30 ಗ್ರಾಂ ಪುಡಿಯನ್ನು ಅರ್ಧ ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಸೋಸಿ, 3 ಲೀಟರಿಗೆ ಹಿಗ್ಗಿಸಿ, ಉಗುರುಬೆಚ್ಚಗಿನ ಆ ನೀರಿನಲ್ಲಿ ಬಟ್ಟೆಯನ್ನು ಎರಡು ಗಂಟೆ ಆಗಾಗ ಮಗುಚುತ್ತ ಇಡಬೇಕು. ಆಮೇಲೆ ಹಿಂಡಿ ಬಿಸಿಲಿಗೆ ಒಣಹಾಕಬೇಕು, ಜಾಲಾಡುವಂತಿಲ್ಲ. ಬಟ್ಟೆ ಬೆಣ್ಣೆಯ ಹಳದಿಗೆ ಬರುತ್ತದೆ. ಒಣಗುವಾಗ ಒಗರು ನೀರಿನ ಜತೆ ಕೆಳಗಿನ ಅಂಚಿಗೆ ಇಳಿದು ಅಲ್ಲಿ ಗಾಢ ಪಟ್ಟಿ ಕಟ್ಟುತ್ತದೆ, ಹಾಗಾಗಿ ಹಗ್ಗಕ್ಕೆ ಹಾಕಿದ ಬಟ್ಟೆಯನ್ನು ಹತ್ತು ನಿಮಿಷಕ್ಕೊಮ್ಮೆ ತಲೆಕೆಳಗು ಮಾಡಬೇಕು, ಇಲ್ಲವೇ ಹುಲ್ಲಿನ ಮೇಲೆ ಹರವಬೇಕು. ಕಟ್ಟುವುದು ಪ್ಲಾಸ್ಟಿಕ್ ಹಗ್ಗ ಆಗಲಿ, ತಂತಿ ಬೇಡ. ತುಕ್ಕು ಹಿಡಿದ ತಂತಿ, ಮೊಳೆ, ಗೇಟು ಯಾವುದು ಸೋಕಿದರೂ ಅಳಲೆ ಬಟ್ಟೆಯ ಮೇಲೆ ಕಪ್ಪು ಚುಕ್ಕೆ ಬಿದ್ದೇಬಿಡುತ್ತದೆ.

ಇದೇ ಗುಣವನ್ನು ನೀರು ಪರೀಕ್ಷಿಸಲು ಬಳಸಬಹುದು. ಒಂದು ಗಾಜಿನ ಲೋಟದಲ್ಲಿ ನಿಮ್ಮ ಬೋರ್‌ವೆಲ್ ನೀರು ತೆಗೆದುಕೊಂಡು ಚಿಟಿಕೆ ಅಳಲೆ ಪುಡಿ ಹಾಕಿ. ನೀರು ಕಪ್ಪಗೆ, ನೀಲಿಗಪ್ಪಗೆ ತಿರುಗಿದರೆ ಅದರಲ್ಲಿ ಕಬ್ಬಿಣವಿದೆ; ಆ ನೀರಿನಲ್ಲಿ ತಿಳಿಹಳದಿಯ ಆಸೆ ಬಿಡಿ. ಬಯಲುಸೀಮೆಯ ಗಡಸು ನೀರಿಗಿಂತ ಮಳೆನೀರು ಎಷ್ಟೋ ವಾಸಿ. ಹೆಂಚು ತೊಳೆದು ಬರುವ ಮೊದಲ ಮಳೆಯ ನೀರು ಬಿಟ್ಟು, ಆಮೇಲಿನದನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟುಕೊಂಡರೆ ವರ್ಷದ ಕೆಲಸಕ್ಕೆ ಬರುತ್ತದೆ.

ಪಟಿಕ 22 ಗ್ರಾಂ. ಬಿಸಿನೀರಿನಲ್ಲಿ ಪೂರ್ತಿ ಕರಗಿಸಿ, 3 ಗ್ರಾಂ ವಾಷಿಂಗ್ ಸೋಡಾವನ್ನು ಬೇರೆ ಲೋಟದಲ್ಲಿ ಕರಗಿಸಿ ನಿಧಾನವಾಗಿ ಸೇರಿಸಬೇಕು. ನೊರೆ ಉಕ್ಕುತ್ತದೆ, ಪಾತ್ರೆ ಅರ್ಧದಷ್ಟು ಖಾಲಿ ಇರಲಿ. ಸೋಡಾ ಹೆಚ್ಚಾದರೆ ಬಿಳಿ ಗಸಿ ಕಟ್ಟಿ ಪಟಿಕ ತಳ ಸೇರುತ್ತದೆ, ಬಟ್ಟೆಗೆ ಏನೂ ಸಿಗುವುದಿಲ್ಲ. 3 ಲೀಟರಿಗೆ ಹಿಗ್ಗಿಸಿ, ಕೈ ಇಡಲಾಗದಷ್ಟು ಬಿಸಿಯಲ್ಲಿ, ಅಂದರೆ 60 ಡಿಗ್ರಿ ಸೆಲ್ಸಿಯಸ್ ಹೊತ್ತಿಗೆ, ಒಂದು ಗಂಟೆ ಇಟ್ಟು, ಅದೇ ನೀರಿನಲ್ಲಿ ರಾತ್ರಿ ತಣಿಯಲು ಬಿಟ್ಟು, ಮರುದಿನ ಒಮ್ಮೆ ಮಾತ್ರ ಜಾಲಾಡಬೇಕು. ಕ್ರಮ ಅಳಲೆ ಮೊದಲು, ಪಟಿಕ ಆಮೇಲೆ. ‘ನಮ್ಮದು ಕೆಮಿಕಲ್ ಇಲ್ಲದ ಬಣ್ಣ’ ಎಂದು ಚೀಟಿ ಅಂಟಿಸುವವರು ಪಟಿಕವೂ ರಾಸಾಯನಿಕವೇ ಎಂಬುದನ್ನು ಒಪ್ಪಿಕೊಂಡರೆ ಒಳ್ಳೆಯದು. ವ್ಯತ್ಯಾಸ ಇರುವುದು ಯಾವ ರಾಸಾಯನಿಕ ಎಂಬುದರಲ್ಲಿ. ಅಡಿಕೆ ಸೀಮೆಯ ಮನೆಗಳಲ್ಲಿ ಕೊಳೆರೋಗದ ಬೋರ್ಡೊ ದ್ರಾವಣಕ್ಕೆ ತಂದ ಮೈಲುತುತ್ತ, ಅಂದರೆ ತಾಮ್ರದ ಲವಣ, ಮಿಕ್ಕಿರುತ್ತದೆ. ಬಣ್ಣ ಕಚ್ಚಿಸಲು ಅದೂ ಆಗುತ್ತದೆ ಎಂದು ಕೆಲವರು ಹೇಳಿಕೊಡುತ್ತಾರೆ. ಆಗುವುದು ನಿಜ, ಆದರೆ ಮಿಕ್ಕ ನೀರು ಹಳ್ಳ ಸೇರಿದರೆ ಮೀನಿಗೆ ವಿಷ. ಕ್ರೋಮಿನ ಲವಣಗಳಂತೂ ಮನೆಯೊಳಗೆ ಬರಲೇಬಾರದು.

ಅನ್ನಭೇದಿ, ಅಂದರೆ ಕಬ್ಬಿಣದ ಲವಣ, ಬೇರೆ ದಾರಿ. 150 ಗ್ರಾಂ ಬಟ್ಟೆಗೆ 3 ಗ್ರಾಂ ಸಾಕು, ಹಳದಿ ಪಾಚಿಬಣ್ಣಕ್ಕೂ ಕಂದು ಬೂದಿಗೂ ಇಳಿಯುತ್ತದೆ. ಇನ್ನೂ ಕಪ್ಪಾಗಲಿ ಎಂದು ಹಿಡಿಗಟ್ಟಲೆ ಹಾಕಿದರೆ ಕಬ್ಬಿಣ ನೂಲನ್ನೇ ತಿನ್ನುತ್ತದೆ. ಹಳೆಯ ಕಲಂಕಾರಿ ಬಟ್ಟೆಗಳಲ್ಲಿ ಉಳಿದೆಲ್ಲ ಬಣ್ಣ ಗಟ್ಟಿಯಿದ್ದು ಕಪ್ಪು ಗೆರೆಯ ಜಾಗ ಮಾತ್ರ ಜಾಳಾಗಿರುವುದು ಈ ಕಾರಣಕ್ಕೆ.

ಋತುಗಳಿಗೆ ಬರೋಣ. ಶಿಶಿರದಿಂದ ಶುರುಮಾಡುವುದು ಅನುಕೂಲ, ಅಳಲೆಯೂ ಆಗಲೇ ಸಿಗುವುದರಿಂದ.

ಮುತ್ತುಗ ಎಲೆ ಉದುರಿಸಿ ಬರಿ ಹೂವಾಗುವುದು ಫೆಬ್ರುವರಿ–ಮಾರ್ಚಿನಲ್ಲಿ. ಕಾಮನ ಹಬ್ಬದ ಓಕುಳಿಗೆ ಇದನ್ನೇ ಬಳಸುತ್ತಿದ್ದರು. ಮರ ಹತ್ತಬೇಕಿಲ್ಲ, ಬೆಳಿಗ್ಗೆ ಉದುರಿದ ಹೂವನ್ನೇ ಆಯಬಹುದು. ಸಂಜೆಯವರೆಗೆ ಬಿಸಿಲಿನಲ್ಲಿ ಬಿದ್ದಿದ್ದರೆ ಬಾಡಿ ಕಂದಾಗಿರುತ್ತವೆ, ಬಣ್ಣವೂ ಮಸುಕು. ನೆರಳಿನಲ್ಲಿ ಒಣಗಿಸಿದ ಹೂ 150 ಗ್ರಾಂ. ಹಸಿಯಾದರೆ ಅದರ ನಾಲ್ಕು ಪಟ್ಟು. ರಾತ್ರಿ ನೆನೆಸಿ, 45 ನಿಮಿಷ ಸಣ್ಣ ಉರಿಯಲ್ಲಿ ಕಾಯಿಸಿ, ಸೋಸಿ, ಆ ನೀರಿನಲ್ಲಿ ಬಟ್ಟೆಯನ್ನು ಮುಕ್ಕಾಲು ಗಂಟೆ 60–70 ಡಿಗ್ರಿಯಲ್ಲಿ ಮಗುಚುತ್ತಿರಬೇಕು. ಪಟಿಕದ ಬಟ್ಟೆ ಹಳದಿಗೆ ಬರುತ್ತದೆ, ಚಿಟಿಕೆ ವಾಷಿಂಗ್ ಸೋಡಾ ಹಾಕಿದರೆ ಕೇಸರಿಗೆ ತಿರುಗುತ್ತದೆ. ಇದು ಬಿಸಿಲಿಗೆ ತೀರಾ ಗಟ್ಟಿಯಾದ ಬಣ್ಣವಲ್ಲ ಎಂದು ಮೊದಲೇ ಹೇಳಿಬಿಡುತ್ತೇವೆ. ಕೌದಿಯ ನಡುಭಾಗಕ್ಕೆ ಇಟ್ಟುಕೊಳ್ಳಿ. ಮಡಚಿದಾಗ ಹೊರಗೆ ಬರುವ ಅಂಚಿಗೆ ಬೇಡ.

ವಸಂತಕ್ಕೆ ಕುಂಕುಮದ ಮರ. ಚಂದ್ರಹಿಟ್ಟಿನ ಮರ ಎಂದೂ ಕರೆಯುತ್ತಾರೆ. ಗೊಂಚಲು ಕಾಯಿಗಳ ಮೈಮೇಲಿನ ಕೆಂಪು ಧೂಳೇ ಬಣ್ಣ. ಕಾಯಿಗಳನ್ನು ಬುಟ್ಟಿಯಲ್ಲಿ ಉಜ್ಜಿ ಕುಲುಕಿದರೆ ಧೂಳು ಕೆಳಗೆ ಬೀಳುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ನರ್ಸರಿಯವರು ಇದೇ ಹೆಸರಿನಲ್ಲಿ ಮುಳ್ಳು ಮುಳ್ಳು ಕಾಯಿಯ ಇನ್ನೊಂದು ಗಿಡ ಕೊಡುವುದುಂಟು. ಅದು ಅಮೆರಿಕದಿಂದ ಬಂದ ರಂಗಮಾಲೆ, ಅದರ ಬೀಜದ ಕೇಸರಿ ಬಿಸಿಲಿಗೆ ಬೇಗ ಹಾರುತ್ತದೆ. ಪುಡಿ ಕೊಳ್ಳುವುದಾದರೆ ಚಿಟಿಕೆಯಷ್ಟನ್ನು ನೀರಿನ ಮೇಲೆ ಉದುರಿಸಿ ನೋಡಿ: ಅಸಲಿ ತೇಲುತ್ತದೆ, ಇಟ್ಟಿಗೆ ಪುಡಿ ಮುಳುಗುತ್ತದೆ. ಈ ಪುಡಿ ನೀರಿನಲ್ಲಿ ಕರಗುವುದಿಲ್ಲ, ಬರಿ ನೀರಿನಲ್ಲಿ ಕುದಿಸಿದರೆ ಸರಿಯಾಗಿ ಬಣ್ಣ ಬಿಡದು. ಹಳೆಯ ವಿಧಾನದಲ್ಲಿ ಪುಡಿ 4 ಪಾಲು, ವಾಷಿಂಗ್ ಸೋಡಾ 2 ಪಾಲು, ಪಟಿಕ 1 ಪಾಲು, ಒಂದಿಷ್ಟು ಎಳ್ಳೆಣ್ಣೆ ಹಾಕಿ ಚೆನ್ನಾಗಿ ಅರೆದು ಆಮೇಲೆ ನೀರು ಸೇರಿಸಿ ಕಾಯಿಸುತ್ತಾರೆ. ಆದರೆ ಇದು ರೇಷ್ಮೆಯ ಬಣ್ಣ. ಹತ್ತಿಯ ಮೇಲೆ ಪೇಲವ. ಹಳೆಯ ರೇಷ್ಮೆ ಸೀರೆಯ ತಿಳಿಬಣ್ಣದ ತುಂಡನ್ನು ಅದ್ದಿ, ಕಾಸಿನಗಲದ ಬಿಲ್ಲೆಗಳಾಗಿ ಕತ್ತರಿಸಿ ಹತ್ತಿಯ ಮೇಲೆ ಹೊಲಿಯುವುದು ಒಳ್ಳೆಯದು. ರೇಷ್ಮೆಯನ್ನು ಕುದಿಸಬೇಡಿ; 80 ಡಿಗ್ರಿ ದಾಟಿದರೆ ಹೊಳಪು ಹೋಗುತ್ತದೆ.

ಪಂಚಾಂಗದ ಗ್ರೀಷ್ಮ ಜ್ಯೇಷ್ಠ–ಆಷಾಢ. ಅಷ್ಟು ಹೊತ್ತಿಗೆ ಮಲೆನಾಡು, ಕರಾವಳಿ ಆಗಲೇ ನೆನೆದಿರುತ್ತವೆ, ತೇಗ ಚಿಗುರಿರುತ್ತದೆ. ಕೊಂಬೆಯ ತುದಿಯ ಎಳೆಯ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೈ ಕೆಂಪಾಗುತ್ತದೆ. ಕುದಿಸುವ ಬದಲು ಈ ಎಲೆಯ ಅಚ್ಚನ್ನೇ ಬಟ್ಟೆಗೆ ಇಳಿಸಬಹುದು. ಅಳಲೆ–ಪಟಿಕದ ಬಟ್ಟೆಯನ್ನು ನೆನೆಸಿ, ನೀರು ತೊಟ್ಟಿಕ್ಕದಷ್ಟು ಹಿಂಡಿ ಹರವಿ, ಎಲೆಗಳನ್ನು ನರ ಎದ್ದಿರುವ ಬೆನ್ನಿನ ಭಾಗ ಬಟ್ಟೆಗೆ ತಾಗುವಂತೆ ಜೋಡಿಸಿ, ಮೇಲೊಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಪಿವಿಸಿ ಅಲ್ಲದ ಗಟ್ಟಿ ಕೋಲಿಗೆ ಬಿಗಿಯಾಗಿ ಸುತ್ತಬೇಕು. ಬಿದಿರು ಆಗುತ್ತದೆ. ಮೇಲೆ ಹಗ್ಗವನ್ನು ಬೆರಳೂ ತೂರದಷ್ಟು ಒತ್ತಾಗಿ ಬಿಗಿದು, ಇಡ್ಲಿ ಬೇಯಿಸುವ ಹಾಗೆ ಹಬೆಯಲ್ಲಿ ಒಂದೂವರೆ ಗಂಟೆ. ತೆಗೆದ ಕೂಡಲೇ ಬಿಚ್ಚುವ ಚಪಲ ಬೇಡ, ರಾತ್ರಿ ಕಳೆಯಲಿ. ಅಚ್ಚು ಮಸುಕಾಗಿ ಸುತ್ತ ನೀರುಗೆರೆ ಬಂದರೆ ಬಟ್ಟೆಯೋ ಎಲೆಯೋ ಒದ್ದೆ ಹೆಚ್ಚಿತ್ತು ಎಂದರ್ಥ. ಮಳೆಯಲ್ಲಿ ಕೊಯ್ದ ಎಲೆಯನ್ನು ಹಳೆ ಪತ್ರಿಕೆಗಳ ನಡುವೆ ಅರ್ಧ ಗಂಟೆ ಒತ್ತಿಟ್ಟು ಬಳಸಬೇಕು. ಒಂದು ಕಡೆ ಅಚ್ಚು ಬಂದು ಇನ್ನೊಂದು ಕಡೆ ಬರದಿದ್ದರೆ ಸುತ್ತು ಸಡಿಲ. ಜತೆಗೆ ನೆಲ್ಲಿ, ಮತ್ತಿ, ನೇರಳೆಯಂಥ ಒಗರು ಎಲೆಗಳನ್ನು ಲೀಟರಿಗೆ 5 ಗ್ರಾಂ ಅನ್ನಭೇದಿಯ ನೀರಿನಲ್ಲಿ ಐದು ನಿಮಿಷ ಅದ್ದಿ ಒರೆಸಿ ಇಟ್ಟರೆ ಬೂದುಗಪ್ಪು ಅಚ್ಚು ಬೀಳುತ್ತದೆ. ನೆಲ್ಲಿಯ ಗರಿಯ ಅಚ್ಚು ಬಹಳ ಸೊಗಸು. ಎಲೆಯಿಂದ ಹಸಿರು ಮಾತ್ರ ನಿರೀಕ್ಷಿಸಬೇಡಿ: ಎಲೆಹಸಿರು ಬೆಳಕಿಗೆ ನಿಲ್ಲುವ ಬಣ್ಣವಲ್ಲ.

ಶ್ರಾವಣ–ಭಾದ್ರಪದದ ವರ್ಷ ಋತುವಿನಲ್ಲಿ ಹೂ ಒಣಗದು, ಬಟ್ಟೆಯೂ ಒಣಗದು. ಅಳಲೆ ಬಟ್ಟೆ ಒದ್ದೆಯಾಗಿ ಮಡಚಿಟ್ಟರೆ ಎರಡು ದಿನದಲ್ಲಿ ಬೂಷ್ಟು. ಅದಕ್ಕೇ ಅಳಲೆ–ಪಟಿಕದ ಕೆಲಸವನ್ನು ಮೇ ತಿಂಗಳ ಬಿಸಿಲಿನಲ್ಲೇ ಮುಗಿಸಿ ಬಟ್ಟೆ ಒಣಗಿಸಿಟ್ಟುಕೊಳ್ಳಬೇಕು. ಬಣ್ಣಕ್ಕೆ ಹಲಸಿನ ಮರದ ಹೊಟ್ಟು. ಬಡಗಿಯ ಕೊಟ್ಟಿಗೆಯಲ್ಲಿ ಪುಕ್ಕಟೆ ಸಿಗುತ್ತದೆ, ಹಳದಿ ತಿರುಳಿನದು ಮಾತ್ರ ಬೇಕು, ಹೊರಗಿನ ಬಿಳಿ ಮರದಲ್ಲಿ ಏನೂ ಇಲ್ಲ. ಬೌದ್ಧ ಭಿಕ್ಷುಗಳ ಚೀವರಕ್ಕೆ ಬಣ್ಣ ಕೊಟ್ಟದ್ದು ಇದೇ ತಿರುಳು. 150 ಗ್ರಾಂ ಹೊಟ್ಟನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಎರಡು ಸಲ ಕುದಿಸಿ ನೀರು ತೆಗೆಯಿರಿ. ಚೀಲವಿಲ್ಲದೆ ಹಾಕಿದರೆ ಹೊಟ್ಟು ನೂಲಿಗೆ ಸಿಕ್ಕಿಕೊಂಡು ಚುಕ್ಕೆ ಬೀಳುತ್ತದೆ. ಹಿಡಿದಿಟ್ಟ ಮಳೆನೀರಿನಲ್ಲಿ ಬಂಗಾರದ ಹಳದಿ, ಗಡಸು ನೀರಿನಲ್ಲಿ ಮಣ್ಣುಹಳದಿ. ಹೊನ್ನೆ ಮರದ ಹೊಟ್ಟೂ ಕಂದು ಬಣ್ಣ ಕೊಡುತ್ತದೆ, ಆದರೆ ಅದರ ತೊಗಟೆ ಸುಲಿಯಬೇಡಿ. ಸುತ್ತಲೂ ತೊಗಟೆ ಸುಲಿದ ಮರ ಬದುಕುವುದಿಲ್ಲ. ಘಟ್ಟದ ಮಂಜಿಷ್ಠದ ಬೇರಿಗೂ ಇದೇ ಮಾತು: ಕೆಂಪು ಬೇಕೆಂದು ಬಳ್ಳಿ ಕಿತ್ತರೆ ಮುಂದಿನ ವರ್ಷ ಅಲ್ಲಿ ಬಳ್ಳಿ ಇರದು.

ಶರದೃತು ನೀಲಿಯ ಕಾಲ. ಮಳೆಗೆ ಬಿತ್ತಿದ ನೀಲಿ ಗಿಡ ಹೂಬಿಡುವ ಮುಂಚೆ ಕಟಾವಿಗೆ ಬರುತ್ತದೆ, ಮಳೆ ನಿಂತ ಮೇಲಿನ ಸೆಕೆ ಹುದುಗುವುದಕ್ಕೆ ಅನುಕೂಲ. ನೀಲಿಗೆ ಅಳಲೆ ಬೇಡ, ಪಟಿಕ ಬೇಡ. ನೀರಿನಲ್ಲಿ ಕರಗದ ಈ ಬಣ್ಣವನ್ನು ಸುಣ್ಣ, ಬೆಲ್ಲಗಳ ನೀರು ತುಂಬಿದ ತೊಟ್ಟಿಯಲ್ಲಿ, ಅಂದರೆ ಹೊಂಡದಲ್ಲಿ, ಕರಗಿಸಿ, ಬಟ್ಟೆಗೆ ಹೊಗಿಸಿ, ಗಾಳಿಗೆ ಒಡ್ಡಿ ಮತ್ತೆ ನೀಲಿಯಾಗಿಸುವುದೇ ಇಡೀ ಕಸುಬು. 15 ಲೀಟರ್ ಹಿಡಿಯುವ ಮುಚ್ಚಳದ ಡ್ರಮ್ಮಿಗೆ ನೀಲಿ ಗಿಡದಿಂದ ತೆಗೆದ ಬಣ್ಣದ ಪುಡಿ 100 ಗ್ರಾಂ, 200 ಗ್ರಾಂ ಸುಣ್ಣ, 300 ಗ್ರಾಂ ಬೆಲ್ಲ. ನೀಲಿಯನ್ನು ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಗಂಟಿಲ್ಲದಂತೆ ಅರೆಯಬೇಕು. ಬೆಲ್ಲ ಕರಗಿಸಿದ 50–60 ಡಿಗ್ರಿ ಬಿಸಿನೀರಿಗೆ ಅದನ್ನು ಸೇರಿಸಿ, ಸುಣ್ಣವನ್ನು ಕೊನೆಗೆ ನಿಧಾನವಾಗಿ ಹಾಕಿ, ಗಾಳಿ ಸೇರದಂತೆ ಒಂದೇ ದಿಕ್ಕಿಗೆ ಕಲಕಿ ಮುಚ್ಚಿಡಿ. ಹೊಂಡ ಸಿದ್ಧವಾದಾಗ ಮೇಲೆ ತಾಮ್ರದಂತೆ ಮಿನುಗುವ ಪೊರೆ, ನಡುವೆ ನೀಲಿ ನೊರೆ, ಪೊರೆ ಸರಿಸಿದರೆ ಒಳಗೆ ಹಳದಿಹಸಿರು ನೀರು. ಒಳಗೂ ನೀಲಿಯೇ ಕಂಡರೆ ಇನ್ನೂ ಕರಗಿಲ್ಲ: ಬೆಚ್ಚಗೆ ಮಾಡಿ, ಇನ್ನೊಂದು ಹಿಡಿ ಬೆಲ್ಲ ಹಾಕಿ, ಅರ್ಧ ದಿನ ಕಾಯಿರಿ. ಸುಣ್ಣ ಹೊಸದಾಗಿ ಅರಳಿಸಿದ್ದಾಗಿರಬೇಕು. ತೆರೆದಿಟ್ಟು ಗಾಳಿ ಕುಡಿದ ಸುಣ್ಣ ಬರಿ ಸೀಮೆಸುಣ್ಣವಾಗಿರುತ್ತದೆ, ಹೊಂಡ ಏಳುವುದೇ ಇಲ್ಲ. ಗೋಡೆಗೆ ಬಳಿಯುವ ಡಿಸ್ಟೆಂಪರ್ ಪುಡಿಯಂತೂ ಪ್ರಯೋಜನವಿಲ್ಲ. ದಕ್ಷಿಣದ ಹಳೆಯ ನೀಲಿ ಹೊಂಡಗಳಿಗೆ ತಗಚೆ ಬೀಜವನ್ನು ಗಂಜಿಯಂತೆ ಬೇಯಿಸಿ ಹಾಕಿ ಹುದುಗಿಸುತ್ತಿದ್ದರು. ಮಳೆಗಾಲದಲ್ಲಿ ರಸ್ತೆಬದಿಯೆಲ್ಲ ತಾನಾಗಿ ಬೆಳೆಯುವ ಆ ತಗಚೆಯನ್ನು ಈಗ ಸೊಪ್ಪಿಗೆ ಬಿಟ್ಟರೆ ಕೇಳುವವರಿಲ್ಲ.

ಒದ್ದೆ ಬಟ್ಟೆಯನ್ನು ಹಿಂಡಿ, ಹೊಂಡದಲ್ಲಿ ಐದು ನಿಮಿಷ ಮುಳುಗಿಸಿ, ನೀರಿನೊಳಗೇ ಹಿಂಡಿ ತೆಗೆಯಬೇಕು. ಮೇಲಿಂದ ಹನಿ ಬಿದ್ದಷ್ಟೂ ಗಾಳಿ ಸೇರಿ ಹೊಂಡ ಸೋಲುತ್ತದೆ. ತಳದ ಸುಣ್ಣದ ಗಸಿಗೆ ತಾಗಿದ ಬಟ್ಟೆ ಕಲೆಕಲೆಯಾಗುತ್ತದೆ, ಹಾಗಾಗಿ ತಳದಿಂದ ನಾಲ್ಕು ಬೆರಳು ಮೇಲೆ ಒಂದು ಬುಟ್ಟಿ ಇಳಿಬಿಡಿ. ಹೊರಬಂದ ಹಸಿರು ಗಾಳಿಗೆ ನೀಲಿಯಾಗಲು ಹತ್ತು ನಿಮಿಷ ಕೊಟ್ಟು ಮತ್ತೆ ಮುಳುಗಿಸಿ. ಗಟ್ಟಿ ಹೊಂಡದಲ್ಲಿ ಒಂದೇ ಸಲ ಅದ್ದಿದ ಕಡುನೀಲಿ ಕೈಗೆ, ಹಾಸಿಗೆಗೆ ಉಜ್ಜಿಕೊಳ್ಳುತ್ತದೆ. ತೆಳು ಹೊಂಡದಲ್ಲಿ ಐದಾರು ಸಲ ಅದ್ದಿದ್ದು ನಿಲ್ಲುತ್ತದೆ. ಕೊನೆಯ ಜಾಲಾಟಕ್ಕೆ ಒಂದು ಚಮಚ ವಿನೆಗರ್ ಹಾಕಿದರೆ ಸುಣ್ಣದ ಒರಟು ಹೋಗುತ್ತದೆ. ವಿನೆಗರಿಗೆ ಕೆಲಸವಿರುವುದು ಇಲ್ಲಿ! ಹಸಿರು ಬೇಕಾದವರು ತಿಳಿನೀಲಿ ಮಾಡಿ, ಆಮೇಲೆ ಅಳಲೆ–ಪಟಿಕ ಕೊಟ್ಟು, ಹಲಸಿನ ಹಳದಿಯಲ್ಲಿ ಅದ್ದಲಿ. ನೀಲಿ ಯಾವಾಗಲೂ ಮೊದಲು, ಏಕೆಂದರೆ ಹೊಂಡದ ಸುಣ್ಣ ಪಟಿಕವನ್ನು ಕಿತ್ತುಹಾಕುತ್ತದೆ.

ಇದೇ ಋತುವಿನ ಪಾರಿಜಾತದ ಕೇಸರಿ ತೊಟ್ಟು ರೇಷ್ಮೆಗೆ ಚೆಂದ, ಬಿಸಿಲಿಗೆ ಇಲ್ಲ. ದೀಪಾವಳಿ ಮುಗಿದ ಮೇಲೆ ಬೀದಿಗೆ ಬೀಳುವ ಚೆಂಡುಹೂವಿನ ಹಳದಿ ಒಳ್ಳೆಯದೇ, ಆದರೆ ಅದರ ತವರು ಮೆಕ್ಸಿಕೊ. ಊರ ಗಿಡವೇ ಬೇಕೆಂಬ ಹಟವಿದ್ದವರು ಬಿಡಬಹುದು.

ಹೇಮಂತಕ್ಕೆ ಅಡಿಕೆ ಚೊಗರು. ಹಸಿ ಅಡಿಕೆ ಸುಲಿದು ಬೇಯಿಸಿದ ಹಂಡೆಯಲ್ಲಿ ಉಳಿಯುವ ಕೆಂಪು ಗಟ್ಟಿನೀರು. ಸಾಗರದ ಬಳಿ ಹೆಗ್ಗೋಡಿನ ಚರಕ ಸಂಸ್ಥೆಯ ಕೈಮಗ್ಗದ ಬಟ್ಟೆಗಳಲ್ಲಿ ಕಾಣುವ ಕೆಂಪುಗಂದು ಬಣ್ಣಗಳ ಹಿಂದೆ ಇರುವುದು ಇದೇ. ಕೊಯ್ಲಿನ ಮನೆಯಲ್ಲಿ ಒಗೆದರೂ ಹೋಗದ ಚೊಗರಿನ ಕಲೆ ಕಂಡವರಿಗೆ ಅದರ ಗಟ್ಟಿತನ ಹೇಳಬೇಕಿಲ್ಲ. ಇದರಲ್ಲಿ ಒಗರು ಸ್ವತಃ ಇರುವುದರಿಂದ ಅಳಲೆ ಬೇಡ. 150 ಗ್ರಾಂ ಗಟ್ಟಿ ಚೊಗರನ್ನು ಎರಡು ಸಲ ತೆಳು ಬಟ್ಟೆಯಲ್ಲಿ ಸೋಸಿ, 3 ಲೀಟರ್ ನೀರಿಗೆ ಬೆರೆಸಿ, ಬಟ್ಟೆ ಹಾಕಿ ಒಂದು ಗಂಟೆ ಕಾಯಿಸಿ, ಅದರಲ್ಲೇ ತಣಿಯಲು ಬಿಡಿ. ಸೋಸದಿದ್ದರೆ ಅಡಿಕೆಯ ಚೂರು, ಪೊರೆ ಅಂಟಿ ಹುಳುಕಡ್ಡಿಯಂಥ ಗುರುತು. ಆಮೇಲೆ ಮೂರು ಭಾಗ ಮಾಡಿ: ಒಂದಕ್ಕೆ ಪಟಿಕ, ಒಂದಕ್ಕೆ ಅನ್ನಭೇದಿ, ಒಂದನ್ನು ತಿಳಿ ಸುಣ್ಣದ ನೀರಿನಲ್ಲಿ ಎರಡು ನಿಮಿಷ. ಎಲೆಅಡಿಕೆ ಸುಣ್ಣಕ್ಕೆ ಕೆಂಪಾಗುವ ಅದೇ ಕ್ರಿಯೆ ಇಲ್ಲೂ. ಒಂದೇ ಚೊಗರು ನಸುಗಂದು, ಬೂದುಗಂದು, ಕೆಂಗಂದು ಮೂರನ್ನೂ ಕೊಡುತ್ತದೆ. ಡಬ್ಬಿಯಲ್ಲಿ ಮುಚ್ಚಿಟ್ಟ ಚೊಗರಿನ ಮೇಲೆ ಬೂಷ್ಟು ಬಂದರೆ ಕೆನೆಯಂತೆ ತೆಗೆದು ಬಳಸಬಹುದು.

ಇನ್ನು ಹೊಲಿಗೆ. ಪ್ರತಿ ಬಣ್ಣದ ಅರ್ಧ ಮೀಟರ್ ಕೌದಿಗೆ, ಉಳಿದರ್ಧ ಪರೀಕ್ಷೆಗೆ ಮತ್ತು ಮುಂದೆ ತೇಪೆಗೆ. ಅಷ್ಟರಲ್ಲಿ ನಾಲ್ಕೂವರೆ ಅಡಿ ಅಗಲ, ಆರು ಅಡಿ ಉದ್ದದ ಕೌದಿ ಆರಾಮಾಗಿ ಆಗುತ್ತದೆ. ಅಡಿಗೆ ಹಳೆಯ ಹತ್ತಿ ಸೀರೆ, ನಡುವೆ ಹಳೆಯ ಪಂಚೆ ಒಂದೋ ಎರಡೋ ಪದರ. ಅಡಿಸೀರೆ ಪಾಲಿಯೆಸ್ಟರ್ ಮಿಶ್ರವಾದರೆ ಒಗೆದಾಗ ಮೇಲಿನ ಹತ್ತಿ ಕುಗ್ಗಿ, ಅದು ಕುಗ್ಗದೆ, ಇಡೀ ಕೌದಿ ಗುಬ್ಬಚ್ಚಿಗೂಡಾಗುತ್ತದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಂಗಸರು ತಮ್ಮ ಕೌದಿಯಾದ ಕವಂದಿಯನ್ನು ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ತರುತ್ತಾರೆ, ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂ ಕೂರಿಸುತ್ತಾರೆ. ಋತುಗಳ ಕೌದಿಗೆ ಈ ಸುತ್ತುವ ಕ್ರಮ ಹೇಳಿಮಾಡಿಸಿದ ಹಾಗಿದೆ. ತುಂಡಿನ ಅಂಚನ್ನು ಒಂದು ಸೆಂಟಿಮೀಟರ್ ಒಳಮಡಚಿ, ಬೆರಳಗಲಕ್ಕೊಂದು ಸಾಲಿನಂತೆ ಸಾದಾ ಕೈಹೊಲಿಗೆ. ಸಾಲುಗಳ ನಡುವೆ ಜಾಗ ಹೆಚ್ಚಾದರೆ ಒಗೆದಾಗ ಒಳಪದರ ಮುದುಡುತ್ತದೆ. ದಾರವೂ ಹತ್ತಿಯದೇ ಆಗಲಿ, ಬಟ್ಟೆಯ ಜತೆಯಲ್ಲೇ ಗಂಜಿ ತೆಗೆದು ಅಳಲೆ ಕೊಟ್ಟು ಬಣ್ಣ ಹಾಕಿ. ಲಡಿಯನ್ನು ನಾಲ್ಕು ಕಡೆ ಸಡಿಲವಾಗಿ ಕಟ್ಟಿರಬೇಕು: ಬಿಗಿದರೆ ಗಂಟಿನಡಿ ಬಿಳಿ, ಕಟ್ಟದಿದ್ದರೆ ಸಿಕ್ಕು.

ಗಿಡದ ಆಕಾರ ಬೇಕೆಂದರೆ ಕಸೂತಿ ಇದೆ. ಕಸೂತಿಯಲ್ಲಿ ಗೆರೆ ಎಳೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹಾಕಬೇಕು. ಆದ್ದರಿಂದ ಮುತ್ತುಗದ ಮೂರೆಲೆ, ನೆಲ್ಲಿಯ ಗರಿ, ಅಡಿಕೆಯ ಸಿಂಗಾರ ಇವು ಗವಂತಿ, ಮುರ್ಗಿ ಎಂಬ ಕಸೂತಿ ಹೊಲಿಗೆಗಳಿಗೆ ಒಗ್ಗುತ್ತವೆ. ದುಂಡು ಹೂ ಒಗ್ಗದು, ಹಟ ಹಿಡಿದರೆ ಮೆಟ್ಟಿಲಿನಂತೆ ಕಾಣುತ್ತದೆ. ಹಾಸು, ಹೊಕ್ಕು ಎರಡರಲ್ಲೂ ಇಂಚಿಗೆ ಒಂದೇ ಎಣಿಕೆಯ ಎಳೆ ಇರುವ ಬಟ್ಟೆ ಆರಿಸಿ. ಇಲ್ಲದಿದ್ದರೆ ಎಣಿಕೆ ಸರಿಯಿದ್ದರೂ ಎಲೆ ಉದ್ದಕ್ಕೆ ಜಗ್ಗಿದಂತಾಗುತ್ತದೆ. ಗವಂತಿಯಲ್ಲಿ ಗಂಟು ಹಾಕುವಂತಿಲ್ಲ, ಎರಡೂ ಬದಿ ಒಂದೇ ಕಾಣಬೇಕು. ಹೀಗಾಗಿ ಕೌದಿಗೆ ಸೇರಿಸುವ ಮೊದಲೇ, ಒಂಟಿ ಬಟ್ಟೆಯ ಮೇಲೆ ಕಸೂತಿ ಮುಗಿಸಿಕೊಳ್ಳುವುದು ಸುಲಭ.

ಹೊಲಿಯುವ ಮುಂಚೆ ಪರೀಕ್ಷೆ ತಪ್ಪಿಸಬೇಡಿ. ಪ್ರತಿ ಬಣ್ಣದ ಅಂಗೈಯಗಲದ ತುಂಡಿನ ಅರ್ಧಕ್ಕೆ ದಪ್ಪ ರಟ್ಟು ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ವಾರ ಇಡಿ. ರಟ್ಟು ತೆಗೆದಾಗ ಗೆರೆ ಎದ್ದು ಕಂಡರೆ ಆ ಬಣ್ಣ ನಡುಭಾಗಕ್ಕೆ, ಕಾಣದಿದ್ದರೆ ಅಂಚಿಗೆ. ಇನ್ನೊಂದು ತುಂಡನ್ನು ಬಿಳಿ ಬಟ್ಟೆಗೆ ಹೊಲಿದು ಒಗೆದು ಬಿಳಿಗೆ ಹತ್ತುತ್ತದೆಯೇ ನೋಡಿ. ಒಗೆಯಲು ಅಂಟುವಾಳ ಅಥವಾ ಮೃದು ಸೋಪು ಸಾಕು; ಡಿಟರ್ಜೆಂಟ್ ಪುಡಿಯ ಸೋಡಾ ಮುತ್ತುಗದ ಹಳದಿಯನ್ನು ಕೇಸರಿ ಮಾಡುತ್ತದೆ, ಕಲೆಗೆಂದು ಉಜ್ಜಿದ ನಿಂಬೆಹಣ್ಣು ಅನ್ನಭೇದಿಯ ಬೂದುಬಣ್ಣವನ್ನು ತಿಂದುಬಿಡುತ್ತದೆ. ಒಣಗಿಸುವುದು ನೆರಳಿನಲ್ಲಿ, ಒಳಮೈ ಹೊರಗೆ.

ಸಂಪಾದಕರೇ, ನಿಮ್ಮ ಪುರವಣಿಯಲ್ಲಿ ಇಂಥ ಲೇಖನ ಬಂದಾಗ ನಾಲ್ಕು ಅಂಕಿಗಳನ್ನು ಕಡ್ಡಾಯ ಮಾಡಿ ಎಂಬುದು ನಮ್ಮ ಕೋರಿಕೆ: ಬಟ್ಟೆಯ ತೂಕ, ಗಿಡದ ತೂಕ, ಪಟಿಕದ ತೂಕ, ಕಾಯಿಸಿದ ಹೊತ್ತು. ಜತೆಗೆ ಗಿಡ ಸಿಗುವ ತಿಂಗಳು, ಮೂರು ವಾರ ಬಿಸಿಲುಂಡ ತುಂಡಿನ ಚಿತ್ರ. ಹೊಸದಾಗಿ ಅದ್ದಿದ ಬಟ್ಟೆಯ ಚಿತ್ರಕ್ಕಿಂತ ಓದುಗರಿಗೆ ಉಪಯೋಗವಾಗುವುದು ಅದೇ.

ಇತಿ,
ಗಿಡದ ಬಣ್ಣದ ಕೆಲಸ ಮಾಡುವ ಕೆಲವರು,
ಉತ್ತರ ಕನ್ನಡ ಜಿಲ್ಲೆ